ನೀರು ಚೆಲ್ಲದ ಕಾರು

ನಮ್ಮ ಭಾವ ಕಾರು ಓಡಿಸುವುದನ್ನು ನೀವು ನೋಡಿಲ್ಲವೆಂದರೆ ಈ ಜನ್ಮದಲ್ಲಿ ನೋಡಬೇಕಾದದ್ದೊಂದು ಬಾಕಿ ಉಳಿದಿದೆ ಎಂದೇ ಅರ್ಥ. ಓಡಿಸುವುದು ಅಂದೆನಲ್ಲ, ಅದು ಬಾಯಿತಪ್ಪಿ ಬಂದ ಮಾತು. ಆ ಕಾರಿಗೂ ಓಟಕ್ಕೂ ಮಾತು ಬಿಟ್ಟು ಎಷ್ಟೋ ತಿಂಗಳಾಗಿದೆ. ಒಮ್ಮೆ ಒಂದು ನಾಯಿ ಅದನ್ನು ಅಟ್ಟಿಸಿಕೊಂಡು ಬಂದು, ನಾಲ್ಕು ಹೆಜ್ಜೆಯಲ್ಲೇ ಅದನ್ನು ದಾಟಿ ಮುಂದೆ ಹೋಗಿಬಿಟ್ಟು, ಇನ್ನೇನು ಮಾಡಬೇಕೆಂದು ತೋಚದೆ ನಿಂತದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಗುವವರು ನಗಲಿ. ನಾನಂತೂ ಕೈಮುಗಿಯುತ್ತೇನೆ.

ನಾನು ದರ್ಜಿ. ಅಕ್ಕ-ಭಾವನ ಮನೆಯ ಬೀದಿ ಕಡೆಯ ಕೋಣೆಯಲ್ಲಿ ಕಿಟಕಿಗೆ ಹೊಲಿಗೆ ಯಂತ್ರ ಒತ್ತಿಸಿ ಕೂತಿದ್ದೇನೆ. ನಮ್ಮ ಅಮ್ಮನೂ ಅದೇ ಮನೆಯಲ್ಲಿದ್ದಾರೆ. ಭಾವ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು. ಗಾಜು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೆ ಅವರಿಗೆ ಅಂದು ಊಟ ಸೇರುವುದಿಲ್ಲ. ಊರವರ ಕಣ್ಣನ್ನೆಲ್ಲ ಸರಿಮಾಡುವ ಮಹಾನುಭಾವ ತಮ್ಮ ಕನ್ನಡಕವನ್ನು ಮಾತ್ರ ದಿನಕ್ಕೆರಡು ಸಲ ಕಳೆದುಕೊಳ್ಳುತ್ತಾರೆ. ಅದಿರಲಿ.

ಎಲ್ಲಕ್ಕೂ ಮೂಲ ಒಂದು ಹಾಳೆ. ವಿಮೆ ಕಂಪನಿಯವರು ಪ್ರೀಮಿಯಂ ನೋಟೀಸಿನ ಜೊತೆ ಮನೆಖರ್ಚು ತಗ್ಗಿಸುವ ದಾರಿಗಳನ್ನು ಅಚ್ಚು ಹಾಕಿಸಿ ಕಳಿಸಿದ್ದರು. ಇಂಥದ್ದನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯದಿಂದಲೇ ಅದನ್ನು ಅಚ್ಚು ಹಾಕಿಸುವುದು. ಭಾವ ಓದಿದರು. ಎರಡು ಸಲ ಓದಿದರು. ಮರುದಿನ ಫ್ರಿಜ್ಜಿನ ಮೇಲೆ ‘ಮೊದಲು ಯೋಚನೆ, ಆಮೇಲೆ ಬಾಗಿಲು’ ಎಂಬ ಚೀಟಿ ಅಂಟಿತ್ತು. ಏನು ತೆಗೆಯಬೇಕೆಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡು, ಬಾಯಲ್ಲಿ ಹೇಳಿ, ಆಮೇಲೆ ಬಾಗಿಲು ತೆರೆಯಬೇಕು. ವಾರದೊಳಗೆ ಅಕ್ಕ ಕಣ್ಣುಮುಚ್ಚಿಕೊಂಡು ಹಾಲಿನ ಪಾತ್ರೆ ತೆಗೆಯುವಷ್ಟು ಸಿದ್ಧಿ ಪಡೆದಳು. ನಾನು ಇಸ್ತ್ರಿ ಮುಗಿಸಿದ ಕೂಡಲೆ ಆ ಪೆಟ್ಟಿಗೆಯನ್ನು ಮಗುಚಿ, ಅದರ ಬಿಸಿಯ ಮೇಲೆ ಭಾವನ ಕಾಫಿ ಲೋಟ ಕೂರಿಸುವುದು ನಿಯಮವಾಯಿತು. ಒಳ್ಳೆಯ ಬೀಗ ಇದ್ದರೆ ಮನೆಯ ವಿಮೆಯಲ್ಲಿ ರಿಯಾಯಿತಿ ಎಂದು ಹಾಳೆಯಲ್ಲಿತ್ತು. ಒಂದು ಬೀಗಕ್ಕೇ ರಿಯಾಯಿತಿ ಎಂದರೆ ಏಳಕ್ಕೆ ಎಷ್ಟಿರಬೇಡ ಎಂದು ಭಾವ ಮುಂಬಾಗಿಲಿಗೆ ಏಳು ಬೀಗ ಜಡಿಸಿದರು. ಪೋಸ್ಟ್‌ಮ್ಯಾನ್ ಗಂಟೆ ಒತ್ತಿದರೆ ನಾವು ಏಳನೆಯದನ್ನು ತೆಗೆಯುವ ಹೊತ್ತಿಗೆ ಅವನು ಮುಂದಿನ ಬೀದಿ ಮುಗಿಸಿರುತ್ತಿದ್ದ.

ಇಷ್ಟೂ ಪೀಠಿಕೆ. ಕಥೆ ಇರುವುದು ಕಾರಿನಲ್ಲಿ.

ಹಿಂದಿನ ವರ್ಷ ಭಾವ ಕಾರನ್ನು ಹಿಂದಕ್ಕೆ ತೆಗೆಯುವಾಗ ಎದುರುಮನೆಯ ನಿವೃತ್ತ ಮೇಷ್ಟ್ರ ಗೇಟನ್ನೂ ನಿವೃತ್ತಿ ಮಾಡಿಸಿದ್ದರು. ಅದರ ಪರಿಣಾಮ ನೋಟೀಸಿನಲ್ಲಿ ಬಂತು. ಕಾರಿನಲ್ಲಿ ಕಂಪನಿ ಕೊಡುವ ಒಂದು ಸಣ್ಣ ಡಬ್ಬಿ ಕೂರಿಸಬೇಕು. ಜೋರಾಗಿ ಬ್ರೇಕ್ ಹಾಕಿದರೆ, ಗಕ್ಕನೆ ತಿರುಗಿಸಿದರೆ, ಒಮ್ಮೆಲೇ ವೇಗ ಹೆಚ್ಚಿಸಿದರೆ ಡಬ್ಬಿ ಮಾರ್ಕು ಕಳೆಯುತ್ತದೆ. ಆರು ತಿಂಗಳ ಕೊನೆಗೆ ನೂರಕ್ಕೆ ತೊಂಬತ್ತು ಉಳಿದಿದ್ದರೆ ಪ್ರೀಮಿಯಂ ಅರ್ಧ. ಇಲ್ಲವಾದರೆ ದುಪ್ಪಟ್ಟು.

“ದುಪ್ಪಟ್ಟು ಕಟ್ಟೋಕೆ ನಮ್ಮನೇಲಿ ನೋಟು ಅಚ್ಚು ಹಾಕ್ತೀವಾ?” ಅಂದಳು ಅಕ್ಕ. “ಮಾರ್ಬಿಡಿ ಕಾರನ್ನ.”

“ಅತ್ತೆ?” ಅಂದರು ಭಾವ.

ಅಮ್ಮನ ಮೊಣಕಾಲಿಗೆ ಆಪರೇಷನ್ ಆಗಿತ್ತು. ವಾರಕ್ಕೆರಡು ಸಲ ಮಾರ್ಕೆಟ್ಟಿನ ಆಚೆ ಇರುವ ಫಿಸಿಯೋಥೆರಪಿ ಡಾಕ್ಟರಮ್ಮನ ಹತ್ತಿರ ಕಾಲಿನ ವ್ಯಾಯಾಮ ಮಾಡಿಸಬೇಕು. ಬಸ್ಸಿನ ಮೆಟ್ಟಿಲು ಅಮ್ಮನ ಸೊಂಟದೆತ್ತರ. ಬಾಡಿಗೆ ಕಾರೆಂದರೆ ಪ್ರೀಮಿಯಮ್ಮೇ ವಾಸಿ. ಕಾರು ಹೋದರೆ ಅಮ್ಮನ ಕಾಲು ಹಾಸಿಗೆಯಲ್ಲೇ ಉಳಿಯುತ್ತದೆ. ಭಾವ ಡಬ್ಬಿಯ ಕರಾರಿಗೆ ಸಹಿ ಹಾಕಿ, “ತೊಂಬತ್ತು ಯಾಕೆ, ನೂರೇ ತೆಗೀತೀನಿ” ಅಂದರು.

ಅಂದವರು ಕೂತು ಯೋಚಿಸಿದರು. ವೇಗ ಇದ್ದರೆ ತಾನೇ ಬ್ರೇಕು? ವೇಗವನ್ನೇ ಕಿತ್ತು ಹಾಕಿದರೆ ಬ್ರೇಕಿಗೆ ಕೆಲಸವೇ ಇಲ್ಲ. ಮೀಟರಿನ ಮುಂದೆ ಒಂದು ಬಟ್ಟಲಿಟ್ಟು ಅಂಚಿನವರೆಗೆ ನೀರು ತುಂಬಿದರು. ನೀರು ಚೆಲ್ಲಿತು ಅಂದರೆ ಮಾರ್ಕು ಚೆಲ್ಲಿತು ಅಂತ. ಎ.ಸಿ. ಹಾಕಿದರೆ ಪೆಟ್ರೋಲು ಹೆಚ್ಚು ಕುಡಿಯುತ್ತದೆಂದು ಹಿಂದಿನ ಗಾಜುಗಳಿಗೆಲ್ಲ ಪರದೆ ಹೊಲಿಯಲು ನನಗೆ ಹೇಳಿದರು. ನನ್ನ ಹತ್ತಿರ ಕೋಟಿನ ಕಪ್ಪು ಬಟ್ಟೆ ಉಳಿದಿತ್ತು. ಅದನ್ನೇ ನೆರಿಗೆ ಕೊಟ್ಟು ಚೆಂದಗೆ ಹೊಲಿದೆ. ಕಾರೂ ಕಪ್ಪು, ಹಿಂದೆ ಉದ್ದ ಡಿಕ್ಕಿಯ ಹಳೇ ಕಾಲದ ಕಾರು. ಕಾಲು ಮಡಚಿ ಕೂರಬಾರದೆಂದು ಅಮ್ಮ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿ, ಬಿಳಿ ಶಾಲನ್ನು ಗಲ್ಲದವರೆಗೆ ಹೊದ್ದು ಕಣ್ಣುಮುಚ್ಚುತ್ತಿದ್ದರು. ಹಿಂದೆ ಬರುವವರಿಗೆ ತೊಂದರೆ ಆಗಬಾರದೆಂದು ಭಾವ ನಾಲ್ಕೂ ಮೂಲೆಯ ದೀಪ ಮಿಣುಕಿಸುತ್ತಿದ್ದರು. ಈಗ ನೀವೇ ಹೇಳಿ, ರಸ್ತೆಯಲ್ಲಿ ನಿಂತವನಿಗೆ ಇದು ಏನಾಗಿ ಕಂಡೀತು?

ಮೊದಲ ದಿನ ಅವರ ಹಿಂದೆ ಹದಿನೇಳು ವಾಹನ ಸಾಲುಗಟ್ಟಿದವಂತೆ. ಹಾರ್ನ್ ಹೊಡೆಯಲು ಹೋದವನು ಪರದೆ ನೋಡಿ ಕೈ ತೆಗೆದ. ಮುಂದಿನವನ ದೀಪ ನೋಡಿ ಹಿಂದಿನವನೂ ದೀಪ ಹಾಕಿದ. ಬಟ್ಟೆ ಅಂಗಡಿಯವನು ಶಟರು ಅರ್ಧ ಇಳಿಸಿದ. ಸರ್ಕಲ್ಲಿನ ಟ್ರಾಫಿಕ್ ಪೊಲೀಸು ಅಡ್ಡರಸ್ತೆಯನ್ನೆಲ್ಲ ತಡೆದು, ಎದೆ ಸೆಟೆಸಿ ಸೆಲ್ಯೂಟ್ ಹೊಡೆದ.

“ನಿಧಾನವಾಗಿ ಓಡಿಸೋರಿಗೆ ಈ ಊರಲ್ಲಿ ಎಷ್ಟು ಮರ್ಯಾದೆ ಇದೆ ಗೊತ್ತಾ?” ಅಂದರು ಭಾವ ಮನೆಗೆ ಬಂದು. “ಪೊಲೀಸಿನವನು ಸೆಲ್ಯೂಟ್ ಹೊಡೆದ ಕಣಯ್ಯ.”

ನನಗೂ ಮೈ ಜುಮ್ಮೆಂದಿತು. ನಾನು ಇಪ್ಪತ್ತು ವರ್ಷ ಪೊಲೀಸರ ಪ್ಯಾಂಟು ಹೊಲಿದವನು. ಒಬ್ಬನೂ ನನ್ನ ಕಡೆ ಕಣ್ಣೆತ್ತಿ ಸಹ ನೋಡಿರಲಿಲ್ಲ.

ಇನ್ನೊಂದು ಸಂಗತಿ ನಡೆಯಿತು. ಅಕ್ಕನ ಮದುವೆಯಾದ ಹದಿನೆಂಟು ವರ್ಷದಲ್ಲಿ ಭಾವ ಮತ್ತು ಅಮ್ಮ ಒಬ್ಬರಿಗೊಬ್ಬರು ಆಡಿದ್ದು ಮೂರೇ ಮಾತು: ಊಟ ಆಯ್ತಾ, ಆಯ್ತು, ಹುಷಾರು. ಈಗ ಮೂರು ಕಿಲೋಮೀಟರಿಗೆ ಐವತ್ತು ನಿಮಿಷ. ಹೋಗುವಾಗ ಐವತ್ತು, ಬರುವಾಗ ಐವತ್ತು. ರೇಡಿಯೋ ಹಾಕಿದರೆ ಬ್ಯಾಟರಿ ಖರ್ಚು. ಮಾತಾಡದೆ ಇನ್ನೇನು ಮಾಡುತ್ತಾರೆ? ಅಮ್ಮ ಕಣ್ಣುಮುಚ್ಚಿಕೊಂಡೇ ತಮ್ಮ ಚಿಕ್ಕಂದಿನ ಕಥೆ ಹೇಳುತ್ತಿದ್ದರು, ಭಾವ ಕತ್ತು ವಾಲಿಸಿ ಕೇಳುತ್ತಿದ್ದರು. ಒಂದು ದಿನ ಕಾರು ಮನೆ ಮುಂದೆ ನಿಂತು ಕಾಲು ಗಂಟೆಯಾದರೂ ಇಬ್ಬರೂ ಇಳಿಯಲಿಲ್ಲ. ಗಾಬರಿಯಿಂದ ಹೋಗಿ ನೋಡಿದರೆ ಕಥೆ ಇನ್ನೂ ಮುಗಿದಿರಲಿಲ್ಲ. ಅಮ್ಮ ನನಗೆ ಹೇಳದ ಕಥೆಗಳವು. ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಆದರೆ ರಸ್ತೆಯವರಿಗೆ ಕಂಡದ್ದೇ ಬೇರೆ. ಡ್ರೈವರು ಹೆಣದ ಜೊತೆ ಮಾತಾಡುತ್ತಿದ್ದಾನೆ.

“ಪಾಪ, ಒಂಟಿಯಾಗಿ ಹೋಗ್ಬಾರ್ದು ಅಂತ ಮಾತಾಡಿಸ್ಕೊಂಡು ಹೋಗ್ತಾನೆ” ಎಂದು ಹೂವಿನ ಅಂಗಡಿಯವನು ಕಣ್ಣೊರೆಸಿಕೊಂಡನಂತೆ. ಮೊದಲ ವಾರ ಯಾರೋ ದೊಡ್ಡವರು ಹೋದರು ಅಂದುಕೊಂಡರು. ಮುಂದಿನ ವಾರ ಮತ್ತೆರಡು ಸಲ. ಅದರ ಮುಂದಿನ ವಾರವೂ. ಆಗ ಮಾರ್ಕೆಟ್ಟು ಒಂದು ತೀರ್ಮಾನಕ್ಕೆ ಬಂತು: ಇದು ಹೊಸದಾಗಿ ಬಂದಿರುವ ಶವ ಸಾಗಿಸುವ ಗಾಡಿ, ಇಷ್ಟು ಗೌರವದಿಂದ ಒಯ್ಯುವವನು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟಲ್ಲ. ನಮ್ಮ ಸರದಿ ಬಂದಾಗ ಇವನೇ ಸಿಗಲಿ ಎಂದು ವಯಸ್ಸಾದವರು ಮನಸ್ಸಿನಲ್ಲೇ ಹರಸಿದರು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

ಅತ್ತ ವಿಮೆ ಕಂಪನಿಯಲ್ಲಿ ಐದು ತಿಂಗಳಾದರೂ ನೂರಕ್ಕೆ ನೂರು. ಹೀಗಾದದ್ದು ಅಲ್ಲಿ ಇದೇ ಮೊದಲು. ಡಬ್ಬಿಯನ್ನು ಕಾರಿನಿಂದ ಬಿಚ್ಚಿ ತಳ್ಳುಗಾಡಿಗೆ ಕಟ್ಟಿದ್ದಾರೆಂದು ಅನುಮಾನ ಹುಟ್ಟಿ ಒಬ್ಬ ಸರ್ವೆಯರನ್ನು ಗುಟ್ಟಾಗಿ ಕಳಿಸಿದರು. ಅವನು ಮಾರ್ಕೆಟ್ಟಿನಲ್ಲಿ ಕಾರಿನ ಗುರುತು ಹೇಳಿ ವಿಚಾರಿಸಿದ. ಹೂವಿನವನು ಅವನ ಭುಜದ ಮೇಲೆ ಕೈಯಿಟ್ಟು ಸಮಾಧಾನ ಹೇಳಿ, ನಮ್ಮ ಬೀದಿ ತೋರಿಸಿ, “ಕಿಟಕೀಲಿ ಒಬ್ಬ ಕೂತಿರ್ತಾನೆ, ಅವನ ಹತ್ರ ಕೇಳಿ” ಅಂದನಂತೆ. ಸ್ವಂತ ಬಳಕೆಗೆಂದು ವಿಮೆ ಮಾಡಿಸಿದ ಕಾರನ್ನು ಬಾಡಿಗೆಗೆ ಬಿಟ್ಟರೆ ಪಾಲಿಸಿ ರದ್ದು. ಸರ್ವೆಯರು ಕಿವಿ ನೆಟ್ಟಗೆ ಮಾಡಿಕೊಂಡು ಬಂದ. ನಾನೋ ಕಾಜ ಹೊಲಿಯುತ್ತ ಕೂತಿದ್ದೆ.

“ಇಲ್ಲಿ ಆರ್ಡರ್ ತೊಗೋತೀರಾ?” ಎಂದು ಕೇಳಿದ.

“ಅದಕ್ಕೇ ಕೂತಿರೋದು ಸಾರ್. ಯಾರಿಗೆ?”

ದನಿ ತಗ್ಗಿಸಿ, “ನಮ್ಮ ತಂದೆಗೆ” ಅಂದ.

“ಕರ್ಕೊಂಡು ಬಂದಿದ್ರೆ ಅಳತೆ ನೋಡ್ಬೋದಿತ್ತು.”

“ಅವರು ಬರೋ ಸ್ಥಿತೀಲಿಲ್ಲ.”

“ಪರ್ವಾಗಿಲ್ಲ ಬಿಡಿ. ಉದ್ದ ಹೇಳಿ ಸಾಕು, ದಪ್ಪ ನಾನು ಅಂದಾಜು ಮಾಡ್ತೀನಿ. ಯಾವತ್ತಿಗೆ ಬೇಕು?”

“ಇಂಥ ದಿನ ಅಂತ ಹೇಗೆ ಹೇಳೋದು?”

“ಎಲ್ರೂ ಹೀಗೇ ಅಂತಾರೆ, ಆಮೇಲೆ ಕೊನೇ ಗಳಿಗೇಲಿ ಬಂದು ತಲೆ ಮೇಲೆ ಕೂರ್ತಾರೆ. ಒಂದು ವಾರ ಮುಂಚೆ ಹೇಳ್ಬಿಡಿ ಸಾರ್.”

ಅವನು ಉಗುಳು ನುಂಗಿದ. “ದರ?”

“ಅರ್ಧ ಮುಂಗಡ, ಉಳಿದದ್ದು ಒಪ್ಪಿಸಿದ ಮೇಲೆ. ದೊಡ್ಡೋರಿಗೆ ಒಂದು, ಮಕ್ಕಳಿಗೆ ಕಡಿಮೆ. ಒಂದೇ ಮನೆಯೋರು ಮೂರು-ನಾಲ್ಕು ಜನ ಒಟ್ಟಿಗೆ ಬಂದ್ರೆ ರಿಯಾಯಿತಿ ಇದೆ.”

“ನಿಮ್ಮ ಕೆಲಸದ ಬಗ್ಗೆ ಜನ ಏನಂತಾರೆ?”

“ಇವತ್ತಿನವರೆಗೆ ಒಬ್ರೂ ವಾಪಸ್ ಬಂದು ದೂರು ಹೇಳಿಲ್ಲ ಸಾರ್” ಎಂದೆ ಹೆಮ್ಮೆಯಿಂದ.

ಅವನು ನನ್ನನ್ನು ಬಹಳ ಹೊತ್ತು ನೋಡಿ, ನಿಧಾನವಾಗಿ ಹಿಂದಕ್ಕೆ ಹೆಜ್ಜೆಯಿಟ್ಟು ಹೋದ. ಒಳ್ಳೆ ಗಿರಾಕಿ ಅಂದುಕೊಂಡೆ.

ನಾಲ್ಕನೆಯ ದಿನ ಪತ್ರ ಬಂತು. ಕಾರನ್ನು ಶವ ಸಾಗಿಸುವ ದಂಧೆಗೆ ಬಳಸುತ್ತಿರುವುದು ಮನೆಯವರ ಬಾಯಿಂದಲೇ ಸಾಬೀತಾಗಿರುವುದರಿಂದ ಪಾಲಿಸಿ ರದ್ದು ಮಾಡಲಾಗುವುದು, ಹೇಳುವುದಿದ್ದರೆ ವಾರದೊಳಗೆ ಹೇಳತಕ್ಕದ್ದು. ಮನೆಯವರು ಯಾರು ಎಂದು ಓದುತ್ತ ಹೋದರೆ ನನ್ನ ಮಾತು ಒಂದೊಂದೂ ಅಕ್ಷರಕ್ಕೆ ಅಕ್ಷರ ಅಲ್ಲಿತ್ತು. ಮಕ್ಕಳಿಗೆ ಕಡಿಮೆ ಎಂಬಲ್ಲಿ ಕೆಂಪು ಗೆರೆ ಎಳೆದಿದ್ದರು.

ಅಕ್ಕ ನನ್ನನ್ನು ಬೈದ ಬೈಗುಳ ಇಲ್ಲಿ ಬೇಡ. ಭಾವ ಬೈಯಲಿಲ್ಲ. ಕೂತಲ್ಲೇ ಕೂತು, “ಅತ್ತೆಗೆ ಇನ್ನೂ ಒಂದು ತಿಂಗಳು ವ್ಯಾಯಾಮ ಬಾಕಿ ಇದೆ” ಅಂದರು. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು. ನನ್ನ ನಾಲಿಗೆಗೆ ಕಾಜ ಹೊಲಿದು ಗುಂಡಿ ಹಾಕಿಬಿಡಬೇಕು ಅನ್ನಿಸಿತು.

ಭಾವ ಕಂಪನಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದರು: “ನಿಮ್ಮವರು ಬಂದು ನನ್ನ ಜೊತೆ ಒಂದು ಸಲ ಕೂತು ನೋಡ್ಲಿ.”

ಗುರುವಾರ ಸರ್ವೆಯರು ಫೈಲು ಹಿಡಿದು ಬಂದ. ಮುಂದಿನ ಸೀಟಿನಲ್ಲಿ ಅವನು, ಹಿಂದೆ ಶಾಲು ಹೊದ್ದು ಅಮ್ಮ. ಸಾಕ್ಷಿ ಅಂತ ನಾನು, ಅಮ್ಮನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಿಗೆ ಅಂಟಿ ಕೂತೆ. ಭಾವ ಬಟ್ಟಲಿಗೆ ನೀರು ತುಂಬಿದರು. ಬೆರಳಿಂದ ಅಂಚು ಮುಟ್ಟಿ ನೋಡಿದರು. ಕಾರು ಹೊರಟಿತು.

ಹೊರಟಿತು ಎಂದು ನನಗೆ ಗೊತ್ತಾದದ್ದು ಮೇಷ್ಟ್ರ ಹೊಸ ಗೇಟು ಮೆಲ್ಲಗೆ ಹಿಂದಕ್ಕೆ ಸರಿದಾಗ. ಗೇರು ಬದಲಾದದ್ದು ತಿಳಿಯಲಿಲ್ಲ. ತಿರುವಿನಲ್ಲಿ ಕಾರು ತಿರುಗಿತೋ ರಸ್ತೆಯೇ ತಿರುಗಿತೋ ಹೇಳಲಾರೆ. ರಸ್ತೆಗುಂಡಿ ಬಂದಾಗ ಭಾವ ಒಂದೊಂದು ಚಕ್ರವನ್ನೂ ಬೇರೆಬೇರೆಯಾಗಿ ಇಳಿಸಿ ಬೇರೆಬೇರೆಯಾಗಿ ಹತ್ತಿಸಿದರು. ನೀರು ಅಲುಗಲಿಲ್ಲ. ಭಾವನ ಕೈಗಳನ್ನು ನಾನು ಹಿಂದೆ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಗಾಜು ಉಜ್ಜುವವನ ಕೈ. ನನಗೆ ಉಸಿರಾಡಲೂ ಭಯವಾಯಿತು. ಸರ್ವೆಯರು ಫೈಲು ಮುಚ್ಚಿ, ಆ ಬಟ್ಟಲನ್ನೇ ನೋಡುತ್ತ ಮೂಗಿನ ಮೇಲೆ ಬೆರಳಿಟ್ಟ.

“ಹದಿನೈದು ವರ್ಷದಿಂದ ಆಕ್ಸಿಡೆಂಟ್ ಆದ ಕಾರುಗಳನ್ನೇ ನೋಡಿದೀನಿ” ಎಂದ ಮೆಲ್ಲಗೆ. “ಇಂಥದ್ದೂ ಒಂದು ಇದೆ ಅಂತ ಗೊತ್ತಿರಲಿಲ್ಲ ಸಾರ್.”

ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಮಾರ್ಕೆಟ್ಟು ಬಂತು. ಶಟರುಗಳು ಇಳಿದವು. ಮೂಟೆ ಹೊತ್ತವನು ಮೂಟೆ ಇಳಿಸಿ ನಿಂತ. ಪೊಲೀಸು ಸೆಲ್ಯೂಟ್ ಹೊಡೆದ. ಹೂವಿನವನು ಕಾರಿನ ಪಕ್ಕದಲ್ಲೇ ನಡೆದು ಬಂದು, ಸರ್ವೆಯರನ್ನು ಗುರುತಿಸಿ, ಒಂದು ಹಿಡಿ ಬಿಳಿ ಹೂವನ್ನು ಅವನ ಮಡಿಲಲ್ಲಿಟ್ಟು, “ತಂದೆಯವರಾ ಸಾರ್? ಧೈರ್ಯ ತೊಗೊಳ್ಳಿ” ಅಂದ. ಒಬ್ಬ ಹಿರಿಯರು ಆ ಕಡೆಯ ಕಿಟಕಿಗೆ ಬಗ್ಗಿ ಭಾವನನ್ನು ಕೇಳಿದರು: “ನಿಮ್ಮ ಫೋನ್ ನಂಬರು ಕೊಟ್ಟಿರಿ. ನನಗೇ. ಆತುರ ಏನಿಲ್ಲ.”

ಸರ್ವೆಯರ ಮುಖ ಬಿಳಿಚಿತು. ಹೂವು ನೋಡಿದ, ಫೈಲು ನೋಡಿದ.

“ನಿಮ್ಮ ಕೈಚಳಕಕ್ಕೆ ನಮಸ್ಕಾರ ಸಾರ್. ಆದ್ರೆ ಇಷ್ಟೆಲ್ಲ ಕಣ್ಣಿಂದ ನೋಡಿದ್ಮೇಲೆ ಶವದ ಗಾಡಿ ಅಂತಲೇ ಬರೀಬೇಕಾಗುತ್ತೆ. ನನ್ನ ಕೆಲಸ ಹೋಗುತ್ತೆ ಇಲ್ಲಾಂದ್ರೆ.”

ಭಾವನ ಕೈ ಸ್ಟೀರಿಂಗ್ ಮೇಲೆ ಬಿಗಿಯಾಯಿತು. ಬಟ್ಟಲಿನ ನೀರು ಮಾತ್ರ ಅಲುಗಲಿಲ್ಲ. ನನ್ನ ತೊಡೆಯ ಮೇಲಿದ್ದ ಕಾಲು ಅಲುಗಿತು.

“ಹೆಣ ಎಲ್ಲಿದೆ ಅಂತ ಬರೀತೀಯಪ್ಪಾ?” ಅಂದರು ಅಮ್ಮ ಕಣ್ಣು ತೆರೆದು. “ನನ್ನನ್ನೇ ಅಲ್ವಾ ಇವರೆಲ್ಲ ಕಳಿಸಿಕೊಡ್ತಾ ಇರೋದು?”

ಹೀಗೆಂದವರೇ ಎದ್ದು ಕೂತು, ಹೋಗುತ್ತಿರುವ ಕಾರಿನ ಬಾಗಿಲು ತೆರೆದು, ಒಂದು ಕಾಲು ರಸ್ತೆಗೆ ಇಳಿಬಿಟ್ಟರು.

ಭಾವ ಬ್ರೇಕ್ ಹಾಕಿದರು.

ಐದೂವರೆ ತಿಂಗಳಿಗೆ ಮೊದಲ ಬ್ರೇಕು. ಮೆಲ್ಲಗೆ ಅಲ್ಲ, ಇದ್ದ ಶಕ್ತಿಯನ್ನೆಲ್ಲ ಕಾಲಿಗೆ ಕೊಟ್ಟು. ಬಟ್ಟಲು ಹಾರಿ, ನೀರು ಅಷ್ಟೂ ಸರ್ವೆಯರ ಫೈಲಿನ ಮೇಲೆ ಬಿತ್ತು. ಡಬ್ಬಿ ಟಿಣ್ ಎಂದಿತು. ಭಾವ ಡಬ್ಬಿಯ ಕಡೆ ನೋಡಲೂ ಇಲ್ಲ. ಬಾಗಿಲು ದೂಡಿ ಓಡಿಬಂದು, “ಅತ್ತೇ, ಕಾಲು” ಎಂದು ಎರಡೂ ಕೈ ಚಾಚಿ ನಿಂತರು. ಭಾವ ಓಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಮ್ಮ ಆ ಕೈ ಹಿಡಿದು ಇಳಿದರು, ನೆಟ್ಟಗೆ ನಿಂತರು, ಕೈ ಬಿಟ್ಟರು. ಒಂದು ಹೆಜ್ಜೆ. ಇನ್ನೊಂದು. ಮಾರ್ಕೆಟ್ಟಿಗೆ ಮಾರ್ಕೆಟ್ಟೇ ಉಸಿರು ಬಿಗಿಹಿಡಿಯಿತು. ಪೊಲೀಸಿನ ಸೆಲ್ಯೂಟು ಹಣೆಯಲ್ಲೇ ಮರೆತುಹೋಯಿತು. ಹೂವಿನವನು ಮೊಣಕಾಲೂರಿ ಕೂತುಬಿಟ್ಟ. ಅಮ್ಮ ಅವನ ಮುಂದೆ ನಿಂತು, “ಹೂವು ವಾಪಸ್ ಬೇಕೇನಪ್ಪಾ?” ಎಂದು ಕೇಳಿದರು. ಅವನು ಬೇಡವೆಂದು ತಲೆಯಾಡಿಸಿದ. ಅಮ್ಮ ಮುಂದೆ ನಡೆದರು.

ಅಲ್ಲಿಂದ ಕ್ಲಿನಿಕ್ಕಿಗೆ ಅರ್ಧ ಕಿಲೋಮೀಟರು. ಶಾಲು ಹೆಗಲಿಗೆ ಹಾಕಿಕೊಂಡು ಅಮ್ಮ ಮುಂದೆ, ಒದ್ದೆ ಪ್ಯಾಂಟಿನ ಸರ್ವೆಯರು ಹಿಂದೆ, ಅವನ ಹಿಂದೆ ನಾನು, ಕೊನೆಗೆ ಕಾರು, ಅದರ ಹಿಂದೆ ಊರು. ಡಾಕ್ಟರಮ್ಮ ಗೇಟಿನ ಹತ್ತಿರವೇ ನಿಂತಿದ್ದರು. “ನಡೀರಿ, ನಿಮ್ಮ ಕೈಲಾಗುತ್ತೆ ಅಂತ ಎರಡು ತಿಂಗಳಿಂದ ಬಡ್ಕೋತಾ ಇದೀನಿ. ಕಾರಿದೆಯಲ್ಲ ಅಂತಿದ್ರಿ” ಎಂದು ಅಮ್ಮನನ್ನು ಬೈಯುತ್ತಲೇ ಕಣ್ಣು ತುಂಬಿಕೊಂಡರು. ಅಮ್ಮ ಮಾತ್ರ ಹಿಂದೆ ತಿರುಗಿ ಕಾರನ್ನು ನೋಡುತ್ತಿದ್ದರು.

ಸರ್ವೆಯರು ಒದ್ದೆ ಹಾಳೆಯ ಮೇಲೆಯೇ ವರದಿ ಬರೆದ: ವಾಹನದಲ್ಲಿದ್ದವರು ಜೀವಂತವಾಗಿದ್ದಾರೆ, ನನಗಿಂತ ಚೆನ್ನಾಗಿ ನಡೆಯುತ್ತಾರೆ. ಪಾಲಿಸಿ ಉಳಿಯಿತು. ಆರು ತಿಂಗಳ ಕೊನೆಗೆ ಮಾರ್ಕು ಬಂತು, ನೂರಕ್ಕೆ ತೊಂಬತ್ತೊಂಬತ್ತು. ಪ್ರೀಮಿಯಂ ಅರ್ಧವಾಯಿತು. ಹೋದ ಆ ಒಂದು ಮಾರ್ಕಿನ ಬಗ್ಗೆ ಭಾವ ಇವತ್ತಿಗೂ ಒಂದು ಮಾತಾಡಿಲ್ಲ. ಕೂದಲೆಳೆಗೆ ಊಟ ಬಿಡುವ ಮನುಷ್ಯ.

ಮಾರ್ಕು ಬಂದ ಸಂಜೆ ಅಕ್ಕ ಲೆಕ್ಕಾಚಾರದ ಮಾತು ತೆಗೆದಳು. “ಅಮ್ಮ ನಡೀತಾರೆ ಅಂದ್ಮೇಲೆ ಕಾರು ಯಾಕೆ? ಅರ್ಧ ಪ್ರೀಮಿಯಮ್ಮೂ ಉಳಿಯುತ್ತಲ್ಲ. ಮಾರೋದೇ ದೊಡ್ಡ ಉಳಿತಾಯ.”

ಅದು ಸರಿಯಾದ ಮಾತು. “ಹೌದು, ಮಾರೋದೇ ಸರಿ” ಅಂದರು ಭಾವ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

“ಮಾರೋದೇನೂ ಬೇಡ” ಅಂದರು ಅಮ್ಮ. “ನಾನು ನಡೀತೀನಿ. ಅವರು ಪಕ್ಕದಲ್ಲೇ ಕಾರಲ್ಲಿ ಬರ್ಲಿ.”

“ನಡೆಯೋರ ಪಕ್ಕದಲ್ಲಿ ಕಾರು ಯಾಕಮ್ಮಾ?” ಅಂದಳು ಅಕ್ಕ.

“ಅರ್ಧ ಕಥೆ ಹಾಗೇ ನಿಂತಿದೆ” ಎಂದು ಅಮ್ಮ ಒಳಗೆ ಹೋದರು. ಅಕ್ಕ ಅವರು ಹೋದ ಕಡೆಗೇ ನೋಡಿದಳು, ಗಂಡನ ಮುಖ ನೋಡಿದಳು, ಕಾರಿನ ಮಾತನ್ನು ಮತ್ತೆ ಎತ್ತಲಿಲ್ಲ.

ಸೋಮವಾರ ನಾನು ಕಿಟಕಿಯಿಂದ ನೋಡುತ್ತಿದ್ದೆ. ಕಪ್ಪು ಪರದೆ ಬಿಚ್ಚಿ ಒಳಗಿಟ್ಟಾಗಿತ್ತು. ಅಮ್ಮ ಫುಟ್‌ಪಾತಿನ ಮೇಲೆ ಕೋಲು ಊರಿ ಹೊರಟರು. ಪಕ್ಕದಲ್ಲೇ ಗಾಜು ಇಳಿಸಿಕೊಂಡು ಭಾವ, ಮುಂದೆ ತುಂಬಿದ ಬಟ್ಟಲು. ಅಮ್ಮ ಏನೋ ಹೇಳುತ್ತಿದ್ದರು, ಭಾವ ಕಿಟಕಿಯಾಚೆ ಕಿವಿ ಚಾಚಿ ಕೇಳುತ್ತಿದ್ದರು. ಹತ್ತು ಮಾರು ಹೋಗಿರಬೇಕು, ಅಮ್ಮ ನಿಂತು ಉಸಿರು ತೆಗೆದುಕೊಂಡರು.

“ಸ್ವಲ್ಪ ನಿಧಾನ, ಅಳಿಯಂದ್ರೇ” ಅಂದರು.